ಕಾರಿನ ಆಯಿಲ್ ಫಿಲ್ಟರ್: ಆಯ್ಕೆ ಮತ್ತು ಬದಲಾವಣೆ

ಕೋಲಾರದ ಸುತ್ತಲಿನ ಕಲ್ಲು ಕ್ವಾರಿಗಳ ಮಣ್ಣುರಸ್ತೆಯಲ್ಲಿ ದಿನವೂ ಓಡಾಡುವ ಕಾರಿಗೆ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿಗೆ ಹೋಗಿಬರುವ ಕಾರಿಗಿಂತ ಬೇಗ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕಾಗುತ್ತದೆ. ಕೈಪಿಡಿಯಲ್ಲಿ ಧೂಳಿನ ಬಳಕೆಗೆ ಪ್ರತ್ಯೇಕ ಅವಧಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್‌ಗಳಿಗೆ ಬೇರೆ ಬೇರೆ ಫಿಲ್ಟರ್ ಇರಬಹುದಾದ್ದರಿಂದ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಥ್ರೆಡ್ ಕೂತಿತೆಂದ ಮಾತ್ರಕ್ಕೆ ಫಿಲ್ಟರ್ ಸರಿಯಾದದ್ದೆಂದು ನಂಬಬಾರದು. ಒಳಗಿನ ಬೈಪಾಸ್ ವಾಲ್ವ್ (ಫಿಲ್ಟರ್ ಕಟ್ಟಿಕೊಂಡಾಗ ಆಯಿಲನ್ನು ಸೋಸದೆಯೇ ಮುಂದೆ ಬಿಡುವ ಕವಾಟ) ತೆರೆಯುವ ಒತ್ತಡ ಬೇರೆಯಿದ್ದರೆ, ಸೋಸದ ಆಯಿಲ್ ಎಂಜಿನ್ನಿಗೆ ಹರಿಯಬಹುದು ಇಲ್ಲವೇ ಹರಿವೇ ಕಡಿಮೆಯಾಗಬಹುದು. ಇಪ್ಪತ್ತು ಮೂವತ್ತು ರೂಪಾಯಿ ಉಳಿಸಲು ಹೋಗುವ ಜಾಗ ಇದಲ್ಲ.

ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗಾಗಿಸಿ, ಆಫ್ ಮಾಡಿ, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಆಯಿಲ್ ಇಳಿಸಿ, ಡ್ರೈನ್ ಬೋಲ್ಟನ್ನು ಹೊಸ ವಾಷರಿನೊಂದಿಗೆ ಬಿಗಿ ಮಾಡಿ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ಕಪ್ಪು ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಒತ್ತಡ ಏರಿದೊಡನೆ ಆಯಿಲ್ ಚಿಮ್ಮುತ್ತದೆ. ಆದ್ದರಿಂದ ಆ ಜಾಗವನ್ನು ಬೆರಳಾಡಿಸಿ ನೋಡಿ, ಬಟ್ಟೆಯಿಂದ ಒರೆಸಿ. ಹೊಸ ಉಂಗುರಕ್ಕೆ ಹೊಸ ಆಯಿಲ್ ಸವರಿ, ಅದು ತಾಗುವವರೆಗೆ ಕೈಯಿಂದಲೇ ತಿರುಗಿಸಿ, ನಂತರ ಸುಮಾರು ಮುಕ್ಕಾಲು ಸುತ್ತು ಬಿಗಿ ಮಾಡಿ. ಡಬ್ಬಿಯ ಮೇಲೆ ಬೇರೆ ಅಳತೆಯಿದ್ದರೆ ಅದೇ ಅಂತಿಮ.

ಆಯಿಲ್ ತುಂಬಿ, ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರಿದ ಮೇಲೆ ಸೋರಿಕೆ ಇದೆಯೇ ನೋಡಿ. ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಎಳೆದು ಆಯಿಲ್ ಮಟ್ಟ ಪರೀಕ್ಷಿಸಿ. ಹಳೆಯ ಆಯಿಲನ್ನು ಚರಂಡಿಗೋ ಕೆರೆಯಂಗಳಕ್ಕೋ ಸುರಿಯದೆ, ಕ್ಯಾನಿನಲ್ಲಿ ತುಂಬಿಸಿ, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಿ.