ಕುಂಡ ತೂಗಿ ನೀರು ಬಿಡುವ ಯಂತ್ರ: ನನ್ನ ಅನುಭವ

ಯಾವ ರಾಗಿ ತಳಿ ಬರ ತಡೆಯುತ್ತದೆ ಅಂತ ಕುಂಡದಲ್ಲಿ ಬೆಳೆದು ನೋಡುವವರಿಗೆ ಒಂದು ತಲೆನೋವು ತಪ್ಪಿದ್ದಲ್ಲ. ದಿನಾ ಒಂದೊಂದೇ ಕುಂಡ ಎತ್ತಿ ತಕ್ಕಡಿ ಮೇಲಿಡಬೇಕು, ಎಷ್ಟು ತೂಕ ಇಳಿದಿದೆಯೋ ಅಷ್ಟೇ ನೀರು ಹಾಕಬೇಕು. ಹಬ್ಬ, ಭಾನುವಾರ ಅಂತ ಬಿಡುವಂತಿಲ್ಲ. ಸೊಂಟ ಬಿದ್ದುಹೋಗುತ್ತದೆ. ದೆಹಲಿಯ ಐಎಆರ್‌ಐನಲ್ಲಿ (ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ) 2017ರಲ್ಲಿ ಉದ್ಘಾಟನೆಯಾದ ಫಿನಾಮಿಕ್ಸ್ ಕೇಂದ್ರದಲ್ಲಿ, ಅಂದರೆ ಗಿಡಗಳ ಗುಣಗಳನ್ನು ಯಂತ್ರದಿಂದಲೇ ಅಳೆಯುವ ಕಡೆ, ಕುಂಡಗಳೇ ಬೆಲ್ಟ್ ಮೇಲೆ ಸಾಗಿ ಬಂದು ತೂಗಿಸಿಕೊಂಡು, ನೀರು ಕುಡಿದು ಹೋಗುತ್ತವೆ. ನಮ್ಮಲ್ಲಿ ಅಷ್ಟು ದುಡ್ಡೆಲ್ಲಿ? ಕುಂಡವನ್ನು ಇದ್ದಲ್ಲೇ ಬಿಟ್ಟು, ಒಂದೊಂದರ ಕೆಳಗೂ ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಕೂರಿಸಿದೆ.

ಮಣ್ಣಿಗೆ ಚುಚ್ಚುವ ತೇವಾಂಶ ಸೆನ್ಸರ್ ಅಗ್ಗ ಅಲ್ವಾ, ಅದೇ ಸಾಕಲ್ಲ ಅಂತ ಕೇಳುವವರು ತುಂಬಾ ಜನ. ತೋಟಕ್ಕೆ ಸಾಕು. ಆದರೆ ಅದಕ್ಕೆ ಗೊತ್ತಾಗುವುದು ತನ್ನ ಸುತ್ತಲಿನ ಚೂರು ಮಣ್ಣು ಮಾತ್ರ. ಮಣ್ಣು ಒಣಗಿ ಪಕ್ಕದಲ್ಲಿ ಸಂದು ಬಿಟ್ಟರೆ ಲೆಕ್ಕ ಕೆಟ್ಟಿತು. ತೂಕದಲ್ಲಿ ಆ ಗೋಜಿಲ್ಲ. ಒಂದು ಗ್ರಾಂ ಇಳಿದರೆ ಒಂದು ಮಿಲಿಲೀಟರ್ ನೀರು ಹೋಗಿದೆ ಎಂದರ್ಥ.

ಸಾಮಾನು ಹೆಚ್ಚೇನಿಲ್ಲ. 20 ಕೆಜಿ ಲೋಡ್ ಸೆಲ್, ಅದರ ಸಣ್ಣ ಸಿಗ್ನಲ್ಲನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡ್, ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ ಇಎಸ್‌ಪಿ32, 12 ವೋಲ್ಟ್ ಪಂಪ್, ಕುಂಡಕ್ಕೊಂದು ಸೊಲೆನಾಯ್ಡ್ ವಾಲ್ವ್ (ಕರೆಂಟ್‌ನಿಂದ ಕೆಲಸ ಮಾಡುವ ನಲ್ಲಿ). ಕರೆಂಟ್ ಹೋದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನೇ ಕೊಳ್ಳಬೇಕು. ಬೋರ್‌ವೆಲ್ ನೀರಾದರೆ ಫಿಲ್ಟರ್ ಬೇಕೇ ಬೇಕು.

ಫೀಲ್ಡ್ ಕೆಪಾಸಿಟಿ, ಅಂದರೆ ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣಿನಲ್ಲಿ ಉಳಿಯುವ ನೀರು, ಮೊದಲೇ ಗೊತ್ತಿರಬೇಕು. ಕುಂಡಕ್ಕೆ ಧಾರಾಳವಾಗಿ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ತಳದಲ್ಲಿ ತೊಟ್ಟಿಕ್ಕುವುದು ನಿಂತ ಮೇಲೆ ತೂಗಿದೆ. ಅದೇ ಮಣ್ಣಿನ ಮಾದರಿಯನ್ನು ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ, ಮಣ್ಣು ಎಷ್ಟು ನೀರು ಹಿಡಿಯುತ್ತದೆ ಅಂತ ಲೆಕ್ಕ ಹಾಕಿದೆ. ಅರ್ಧ ಕುಂಡಗಳಿಗೆ ಅದರ 100%, ಬರಕ್ಕೆ ಒಡ್ಡುವ ಉಳಿದವಕ್ಕೆ 50%. ಅಷ್ಟು ನೀರಿದ್ದಾಗ ಕುಂಡ ಎಷ್ಟು ತೂಗಬೇಕೋ ಅದೇ ಅದರ ಗುರಿ ತೂಕ.

ನೀರು ಬಿಡುವುದು ಸುಲಭ. ಜಾಸ್ತಿ ಹೊತ್ತು ಹಿಡಿದದ್ದು ತೂಕವನ್ನು ನಂಬುವ ಹಾಗೆ ಮಾಡುವುದಕ್ಕೆ. ಬಿಸಿಲೇರಿದ ಹಾಗೆ ಲೋಡ್ ಸೆಲ್ಲಿನ ಓದು ತಾನೇ ಸರಿಯುತ್ತದೆ. ಅದಕ್ಕೆ ಒಂದು ಸೆಲ್ ಮೇಲೆ ಸುಮ್ನೆ ಕಲ್ಲು ತುಂಬಿದ ಕುಂಡ ಇಟ್ಟೆ. ಕಲ್ಲು ಬೆವರುವುದಿಲ್ಲವಲ್ಲ, ಅದರ ತೂಕ ಎಷ್ಟು ಅಲ್ಲಾಡಿತೋ ಅಷ್ಟನ್ನು ಉಳಿದವುಗಳಲ್ಲೂ ಕಳೆದರೆ ಸುಮಾರಾಗಿ ಸರಿಹೋಗುತ್ತದೆ. ಗಿಡವಿಲ್ಲದ ಮಣ್ಣಿನ ಕುಂಡವೂ ಒಂದಿರಲಿ. ಮಣ್ಣಿನಿಂದಲೇ ಆರುವ ನೀರು ಅದರಲ್ಲಿ ಸಿಗುತ್ತದೆ, ಮಿಕ್ಕಿದ್ದು ಎಲೆಯಿಂದ ಹೋದದ್ದು. ನೀರಿನ ಪೈಪು ಕುಂಡಕ್ಕೆ ತಾಗಲೇಬಾರದು. ತಾಗಿದರೆ ಪೈಪಿನ ಭಾರವೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಪೈಪನ್ನು ಬೇರೆ ಕಂಬಿಗೆ ಕಟ್ಟಿ ತುದಿಯನ್ನು ಮಣ್ಣಿನ ಮೇಲೆ ನೇತು ಬಿಟ್ಟೆ. ಇನ್ನು ಗಾಳಿ, ತೆನೆಗೆ ಬರುವ ಹಕ್ಕಿ. ಒಂದೇ ಓದನ್ನು ನಂಬದೆ, ಹಲವು ಓದುಗಳಲ್ಲಿ ನಡುವಿನದನ್ನು ಹಿಡಿದರೆ ಇವುಗಳ ಕಾಟ ತಪ್ಪುತ್ತದೆ.

ನೀರು ಬಿಡುವುದು ನಸುಕಿನಲ್ಲಿ. ಆಗ ಗಾಳಿಯೂ ಕಮ್ಮಿ, ಬಿಸಿಲೂ ಇಲ್ಲ. ಬೇಕಾದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟು, ಸ್ವಲ್ಪ ಹೊತ್ತು ತಡೆದು ತೂಗಿ, ಆಮೇಲೆ ಉಳಿದದ್ದು. ವಾಲ್ವ್ ಎಷ್ಟು ಸೆಕೆಂಡು ತೆರೆದಿರಬಹುದು ಎಂಬುದಕ್ಕೂ ಮಿತಿ ಹಾಕಿದ್ದೇನೆ. ಇಲ್ಲದಿದ್ದರೆ ಒಂದು ಸೆಲ್ ಕೆಟ್ಟ ದಿನ ಬರಕ್ಕೆ ಒಡ್ಡಿದ ಕುಂಡ ಕೆರೆಯಾಗುತ್ತದೆ.

ನಾನು ಬೆಳೆದ ಜಿಪಿಯು-28 ತಳಿಯ ರಾಗಿ ತೆಂಡೆ ಒಡೆದು ಬೆಳೆದ ಹಾಗೆ ಇನ್ನೊಂದು ವಿಷಯ ಬರುತ್ತದೆ. ಗಿಡದ ತೂಕ ಏರಿದಷ್ಟೂ ಯಂತ್ರ ಅದನ್ನೂ ಕುಂಡದಲ್ಲಿರುವ ನೀರೆಂದೇ ಎಣಿಸಿ, ಕೊಡುವ ನೀರನ್ನು ಕಡಿಮೆ ಮಾಡುತ್ತದೆ. ಅದಕ್ಕೆಂದೇ ಕೆಲವು ಕುಂಡ ಹೆಚ್ಚುವರಿ ಬೆಳೆದಿದ್ದೆ. ವಾರಕ್ಕೊಮ್ಮೆ ಅವುಗಳಿಂದ ಗಿಡ ಕಿತ್ತು, ಹಸಿ ತೂಕ ನೋಡಿ, ಗುರಿ ತೂಕಕ್ಕೆ ಅಷ್ಟನ್ನು ಕೂಡಿಸುತ್ತೇನೆ.