67ನೇ ವಯಸ್ಸಿನಲ್ಲಿ ಮೈಸೂರಿನಿಂದ ಬೀದರಿಗೆ: ಬೈಕ್ ನಿಲ್ಲಿಸುವುದನ್ನು ಮತ್ತೆ ಕಲಿತೆ

ನಾಗಮಂಗಲ ದಾಟಿದ ಮೇಲೆ ಸಿಗುವ ಒಂದು ಪೆಟ್ರೋಲ್ ಬಂಕಿನಲ್ಲಿ, 2023ರ ಫೆಬ್ರವರಿಯಲ್ಲಿ, ನನ್ನ ಬೈಕ್ ಬಿತ್ತು. ಓಡುವಾಗ ಅಲ್ಲ, ನಿಂತಾಗ. ಪೆಟ್ರೋಲ್ ಹಾಕಿಸಿಕೊಂಡು ರಸ್ತೆಗೆ ಇಳಿಯುತ್ತಿದ್ದೆ. ಒಂದು ಲಾರಿ ಬಂತು, ಹೋಗಲಿ ಅಂತ ಹ್ಯಾಂಡಲ್ ತಿರುಗಿಸಿದ್ದ ಹಾಗೇ ಮುಂದಿನ ಬ್ರೇಕ್ ಹಿಡಿದೆ. ಬಲಗಾಲು ಊರಿದೆ. ಕೆಳಗೆ ಮರಳು ಇತ್ತು. ಕಾಲು ಜಾರಿತು, ಮಂಡಿ ತಡೆಯಲಿಲ್ಲ, 191 ಕೆ.ಜಿ. ಗಾಡಿ ನಿಧಾನವಾಗಿ ಮಗ್ಗುಲಾಯಿತು.

ಮೂವರು ಹುಡುಗರು ಓಡಿ ಬಂದು ಎತ್ತಿದರು. ಪಾದ ಉಳುಕಿತ್ತು ಅಷ್ಟೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು 1984ರಿಂದ ಬೈಕ್ ಓಡಿಸುತ್ತಿದ್ದೇನೆ. ಮೊದಲ ಗಾಡಿ ಯೆಜ್ಡಿ, ನಮ್ಮೂರು ಮೈಸೂರಿನ ಕಾರ್ಖಾನೆಯದ್ದೇ. ಎಡಗಡೆಯ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಮಂಡಿ ನೋವು ಶುರುವಾದ ಮೇಲೆ ಆ ಕಿಕ್ಕರ್ ಹೊಡೆಯುವುದು ಕಷ್ಟವಾಗಿ, ಬಟನ್ ಸ್ಟಾರ್ಟ್ ಇರಲಿ, ಸೀಟು ತಗ್ಗಾಗಿರಲಿ ಅಂತ ಮೀಟಿಯರ್ 350 ತಗೊಂಡಿದ್ದೆ. ಅದರ ಸೀಟಿನ ಎತ್ತರ 765 ಮಿ.ಮೀ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತವೆ. ಇನ್ನೇನು ಬೇಕು ಅಂದುಕೊಂಡಿದ್ದೆ. ಪಾದ ತಾಗಿದರೆ ಸಾಲದು, ತಾಗಿದ ಕಾಲು ಭಾರ ಹೊರಬೇಕು ಅನ್ನುವುದು ಆ ಬಂಕಿನಲ್ಲಿ ಗೊತ್ತಾಯಿತು.

ಪಾದ ತೋರಿಸಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಆ ಹುಡುಗಿ ನನ್ನನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿದಳು. ಎಡಗಾಲಿನಲ್ಲಿ ಹನ್ನೊಂದು ಸೆಕೆಂಡು. ಬಲಗಾಲಿನಲ್ಲಿ ನಾಲ್ಕು. "ಅಂಕಲ್, ನೀವು ದಿನಾ ವಾಕಿಂಗ್ ಹೋಗ್ತೀರಿ ಸರಿ. ವಾಕಿಂಗ್‌ನಿಂದ ಇದು ಬರಲ್ಲ" ಅಂದಳು. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೇ ಹೇಳುತ್ತದೆ. ನಾನು ಹದಿನೈದು ವರ್ಷ ಕುಕ್ಕರಹಳ್ಳಿ ಕೆರೆ ಸುತ್ತಿದ್ದೆ. ಒಂದು ದಿನವೂ ಒಂಟಿ ಕಾಲಿನಲ್ಲಿ ನಿಂತಿರಲಿಲ್ಲ.

ಅವಳು ಹೇಳಿದ್ದು ಜಿಮ್ಮಿನ ವಿಷಯ ಏನಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ವಾರ ಎಂಟಕ್ಕೇ ತೊಡೆ ನಡುಗುತ್ತಿತ್ತು, ಆರು ತಿಂಗಳಿಗೆ ಇಪ್ಪತ್ತೈದಾಯಿತು. ಹಲ್ಲುಜ್ಜುವಾಗ ಒಂಟಿ ಕಾಲು, ಪಕ್ಕದಲ್ಲಿ ಗೋಡೆ. ಬಾಗಿಲ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದು. ಎರಡೂ ಕೈಯಲ್ಲಿ ನೀರು ತುಂಬಿದ ಬಿಂದಿಗೆ ಹಿಡಿದು ಹಿತ್ತಲಲ್ಲಿ ನಡೆಯುವುದು. ಈ ಬಿಂದಿಗೆಯ ನಡಿಗೆಯೇ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು, ಯಾಕೆಂದರೆ ಕ್ಲಚ್ ಹಿಡಿಯುವ ಎಡಗೈ ಹಿಡಿತವೂ ಅದರಲ್ಲೇ ಗಟ್ಟಿಯಾಯಿತು. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊದಮೊದಲು ನಂದಿಯವರೆಗೆ, ಆಮೇಲೆ ಪೂರ್ತಿ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ, ಅದಕ್ಕೆ ಬಸ್ಸಿನಲ್ಲಿ ಇಳಿಯುತ್ತೇನೆ.

ಜೊತೆಗೆ ಬೈಕ್ ನಿಲ್ಲಿಸುವುದನ್ನು ಹೊಸದಾಗಿ ಕಲಿತೆ. ಖಾಲಿ ಮೈದಾನದಲ್ಲಿ, ಬೆಳಿಗ್ಗೆ, ದಿನಕ್ಕೆ ಇಪ್ಪತ್ತು ಸಲ. ನಿಲ್ಲುವ ಮೊದಲು ಹ್ಯಾಂಡಲ್ ನೇರ ಇರಬೇಕು. ತಿರುಗಿದ ಹ್ಯಾಂಡಲ್‌ನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಆ ಕಡೆಗೇ ವಾಲುತ್ತದೆ. ಕೊನೆಯ ಎರಡು ಮೀಟರ್ ಹಿಂದಿನ ಬ್ರೇಕಿನಲ್ಲೇ ನಿಲ್ಲಿಸಬೇಕು. ಅಂದರೆ ಬಲಗಾಲು ಬ್ರೇಕ್ ಮೇಲೆ, ನೆಲಕ್ಕೆ ಎಡಗಾಲು. ನಲವತ್ತು ವರ್ಷ ಸಿಕ್ಕಿದ ಕಾಲು ಊರುತ್ತಿದ್ದವನಿಗೆ ಇದು ರೂಢಿಯಾಗಲು ಎರಡು ತಿಂಗಳು ಬೇಕಾಯಿತು. ಕಾಲೂರುವ ಜಾಗವನ್ನು ಹತ್ತು ಅಡಿ ಮೊದಲೇ ನೋಡಿಕೊಳ್ಳುವುದೂ ಆಗಲೇ ಅಭ್ಯಾಸವಾಯಿತು. ಮರಳು, ಜಲ್ಲಿ, ಆಯಿಲ್, ಗುಂಡಿ.

ಬಿದ್ದ ಗಾಡಿ ಎತ್ತುವುದನ್ನೂ ಮಗನ ಜೊತೆ ಹಳೇ ಹಾಸಿಗೆಯ ಮೇಲೆ ಮಾಡಿ ನೋಡಿದೆ. ಎಂಜಿನ್ ಆಫ್, ಗೇರಿನಲ್ಲಿ ಬಿಡಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಎಡಕ್ಕೆ ಬೀಳುತ್ತದೆ. ಗಾಡಿಗೆ ಬೆನ್ನು ಮಾಡಿ ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು, ತೊಡೆಯ ಬಲದಲ್ಲಿ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ. ಸೊಂಟ ಬಗ್ಗಿಸಿ ಎಳೆದರೆ ನಮ್ಮ ವಯಸ್ಸಿನ ಬೆನ್ನು ಕೆಡುತ್ತದೆ. ಜನ ಇದ್ದರೆ ನಾನು ಈಗಲೂ ಕರೆಯುತ್ತೇನೆ.

2024ರ ಡಿಸೆಂಬರಿನಲ್ಲಿ ಹೊರಟೆ. ಆಗ ನನಗೆ 67. ಬೀದರನ್ನೇ ಆರಿಸಿಕೊಂಡೆ, ಯಾಕೆಂದರೆ ನಮ್ಮ ರಾಜ್ಯದ ಆ ತುದಿಯನ್ನು ನಾನು ನೋಡಿಯೇ ಇರಲಿಲ್ಲ. ಸುಮಾರು 850 ಕಿ.ಮೀ. ಹುಡುಗರು ಎರಡು ದಿನಕ್ಕೆ ಹೋಗುತ್ತಾರೆ. ನಾನು ನಡುವೆ ಒಂದು ದಿನದ ವಿಶ್ರಾಂತಿ ಸೇರಿಸಿ ಆರು ದಿನ ಇಟ್ಟುಕೊಂಡೆ. ದಿನಕ್ಕೆ 250 ಕಿ.ಮೀ. ಮೇಲೆ ಇಲ್ಲ, ಬೆಳಕು ಹರಿಯದೆ ಹೊರಡುವುದಿಲ್ಲ, ಸಂಜೆ ಐದಕ್ಕೆ ರೂಮು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಹಗಲು ಚೆನ್ನಾಗಿ ಕಾಣುತ್ತದೆ. ಆದರೂ ಎದುರಿನ ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಕಣ್ಣು ಸರಿಹೋಗಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಗಾಡಿ ಎಷ್ಟು ದೂರ ಹೋಗಿರುತ್ತದೆ ಹೇಳಿ. ಡಾಕ್ಟರ ಹತ್ತಿರ ಬಿ.ಪಿ. ಮಾತ್ರೆಯ ಸಮಯವನ್ನೂ ಕೇಳಿಕೊಂಡೆ. ನನ್ನದು ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ದಾರಿಯಲ್ಲಿ ತೊಂದರೆ ಅಂತ ನೀರು ಕುಡಿಯದೆ ಓಡಿಸಿದರೆ ತಲೆಸುತ್ತು ಬರುತ್ತದೆ. ಅವರೇ ಸಮಯ ಬದಲಿಸಿ ಕೊಟ್ಟರು. ಲೈಸೆನ್ಸ್ ಹೇಗೂ ಚಾಲ್ತಿಯಲ್ಲಿತ್ತು. 55 ದಾಟಿದವರಿಗೆ 5 ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ, ಡಾಕ್ಟರ ಸರ್ಟಿಫಿಕೇಟು ಬೇಕು.

ಮೊದಲ ದಿನ ನಾಗಮಂಗಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರಿನ ಮೇಲೆ ಚಿತ್ರದುರ್ಗ. ಅದೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಎಡಗಾಲು ಊರಿದೆ, ನಿಂತೆ, ಹೊರಟೆ. ಒಕ್ಕಣೆಯ ಕಾಲ ಅದು. ಒಂದೆರಡು ಕಡೆ ರಾಗಿ ಹುಲ್ಲು, ಹುರುಳಿ ರಸ್ತೆಗೇ ಹರಡಿದ್ದರು. ಅದರ ಮೇಲೆ ಬ್ರೇಕ್ ಮುಟ್ಟಲೇಬಾರದು. ಮೊದಲೇ ವೇಗ ಇಳಿಸಿ, ನೇರವಾಗಿ, ಒಂದೇ ಸಮ ದಾಟಬೇಕು.

ಗಂಟೆಗೊಮ್ಮೆ ನಿಲ್ಲಿಸುತ್ತಿದ್ದೆ, ಸುಸ್ತಾಗಿರಲಿ ಬಿಡಲಿ. ಒಂದೂವರೆ ಗಂಟೆ ಕೂತರೆ ನನ್ನ ತೊಡೆಸಂದು ಬಿಗಿಯುತ್ತದೆ. ಬಿಗಿದ ಕಾಲು ನೆಲಕ್ಕೆ ತಡವಾಗಿ ಬರುತ್ತದೆ, ಬಂದರೂ ಬಲ ಕೊಡುವುದಿಲ್ಲ. ಅಂದರೆ ವಿಶ್ರಾಂತಿಗೆ ನಿಲ್ಲಿಸುವಾಗಲೇ ಬೀಳುವ ಅಪಾಯ! ಅದಕ್ಕೆ ಊರು ಹತ್ತಿರ ಬರುತ್ತಿದ್ದ ಹಾಗೆ ಫುಟ್‌ಪೆಗ್ ಮೇಲೆ ಪಾದ ಒತ್ತಿ ತೊಡೆ ಬಿಗಿಮಾಡಿ ಸಡಿಲಿಸುತ್ತಿದ್ದೆ, ನಾಲ್ಕೈದು ಸಲ. ಇಳಿದ ಮೇಲೆ ಚಹಾಕ್ಕೆ ಮೊದಲು ನೂರು ಹೆಜ್ಜೆ.

ಚಿತ್ರದುರ್ಗದಿಂದ ಬೀದರಿನವರೆಗೆ ಒಂದೇ ಹೆದ್ದಾರಿ, ನಂಬರ್ 50. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ, ಅವುಗಳನ್ನು ತಿರುಗಿಸುವ ಗಾಳಿ ನಮ್ಮನ್ನೂ ಪಕ್ಕಕ್ಕೆ ತಳ್ಳುತ್ತದೆ. ಹ್ಯಾಂಡಲ್ ಬಿಗಿಹಿಡಿದಷ್ಟೂ ಗಾಡಿ ಅಲುಗಾಡುತ್ತದೆ. ಮಂಡಿಯಲ್ಲಿ ಟ್ಯಾಂಕ್ ಒತ್ತಿ, ಮೊಣಕೈ ಸಡಿಲ ಬಿಟ್ಟರೆ ಆಯಿತು. ಹೊಸಪೇಟೆಯಲ್ಲಿ ತಂಗಿದೆ, ತುಂಗಭದ್ರಾ ಅಣೆಕಟ್ಟು ನೋಡಿದೆ. ಆ ಆಗಸ್ಟಿನಲ್ಲಿ ಕೊಚ್ಚಿಹೋಗಿದ್ದ 19ನೇ ಗೇಟಿನ ಸುದ್ದಿಯೇ ಚಹಾದಂಗಡಿಯಲ್ಲೆಲ್ಲ.

ಇಳಕಲ್ಲಿನ ಒಂದು ಖಾನಾವಳಿಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. "ಮೈಸೂರಿಂದ ಒಬ್ರ ಬಂದೀರೇನ್ರಿ ಕಾಕಾ? ಇನ್ನೊಂದ್ ರೊಟ್ಟಿ ತಗೋರಿ" ಅಂತ ಬಡಿಸುವ ತಾಯಿ ಬಿಡಲೇ ಇಲ್ಲ. ಎರಡಕ್ಕೇ ನಿಲ್ಲಿಸಿದೆ. ಹೊಟ್ಟೆ ತುಂಬಿದರೆ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಮುಂದೆ ಕೃಷ್ಣಾ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರೈಲರು. ಹಿಂದೆ ಲೈಟು ಇರುವುದು ಅಪರೂಪ. ಸಂಜೆ ಐದರ ನಿಯಮ ಎಷ್ಟು ಸರಿ ಅಂತ ಅಲ್ಲಿ ಅನ್ನಿಸಿತು.

ವಿಜಯಪುರದಲ್ಲಿ ಒಂದು ದಿನ ಗಾಡಿ ಮುಟ್ಟಲಿಲ್ಲ. ಗೋಳಗುಮ್ಮಟದ ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಪಿಸುಮಾತಿನ ಮೊಗಸಾಲೆಗೆ ಹೋದೆ. ಬೆಟ್ಟದ ಮೆಟ್ಟಿಲು ಹತ್ತಿದ ಕಾಲಿಗೆ ಅದು ಭಾರ ಅನ್ನಿಸಲಿಲ್ಲ. ಅಲ್ಲಿಂದ ಮನೆಗೆ ಫೋನ್ ಮಾಡಿದೆ. ನಮ್ಮನೆಯವರು ದಿನಾ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಸಲ ನಿಲ್ಲಿಸಿದ್ರಿ?" ಎಷ್ಟು ಕಿಲೋಮೀಟರ್ ಅಂತ ಅವರು ಒಮ್ಮೆಯೂ ಕೇಳಿದ್ದಿಲ್ಲ.

ಸಿಂದಗಿ, ಜೇವರ್ಗಿ, ಭೀಮಾ ಸೇತುವೆ, ಕಲಬುರಗಿ. ಎರೆಹೊಲಗಳ ಉದ್ದಕ್ಕೂ ತೊಗರಿ. ಹುಮನಾಬಾದ್ ಆದ ಮೇಲೆ ಕಪ್ಪು ನೆಲ ಹೋಗಿ ಕೆಂಪು ಮಣ್ಣು ಬಂತು, ಬೀದರ್ ಬಂತು.

ಮಹಮೂದ್ ಗವಾನ್ ಮದರಸಾ ಹತ್ತಿರ ನಿಲ್ಲಿಸಲು ಜಾಗ ಹುಡುಕಿದೆ. ಸಿಕ್ಕಿದ್ದು ಇಳಿಜಾರು, ಮೇಲೆ ಜಲ್ಲಿ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ "ಹಿಡೀಲೇನ್ರಿ ಅಜ್ಜಾರ?" ಅಂದ. "ಹಿಡಿಯಪ್ಪಾ" ಅಂದೆ. ಅವನು ಹಿಂದೆ ಹಿಡಿದ. ನಾನು ಹ್ಯಾಂಡಲ್ ನೇರ ಮಾಡಿ, ಎಡಗಾಲು ಊರಿ, ಗೇರಿನಲ್ಲೇ ಬಿಟ್ಟು ಸ್ಟ್ಯಾಂಡ್ ಹಾಕಿದೆ. ಇಳಿದು ನೂರು ಹೆಜ್ಜೆ ನಡೆದೆ. 1472ರ ಕಟ್ಟಡದ ನೀಲಿ ಹೆಂಚಿನ ಚೂರುಗಳ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು.