ಒಡೆದ ಮೆಕಾಟ್ರಾನಿಕ್ ಮತ್ತು ಪೀಣ್ಯದ ಬಟ್ಟಲು: ನನ್ನ ಅನುಭವ

ಡಿಕ್ಯೂ 200 ಎಂಬುದು ಫೋಕ್ಸ್‌ವ್ಯಾಗನ್‌ನ ಡಬಲ್ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಗೇರ್ ಮತ್ತು ಕ್ಲಚ್‌ಗಳನ್ನು ಎಣ್ಣೆಯ ಒತ್ತಡದಿಂದ ನಡೆಸುವ ಘಟಕವೇ ಮೆಕಾಟ್ರಾನಿಕ್, ಆ ಒತ್ತಡವನ್ನು ಕೂಡಿಡುವ ಡಬ್ಬಿಯೇ ಅಕ್ಯುಮುಲೇಟರ್. ಅಕ್ಯುಮುಲೇಟರ್ ಕೂರುವ ಜಾಗದಲ್ಲಿ ಬಿರುಕು ಬಿಟ್ಟ ಮೆಕಾಟ್ರಾನಿಕ್ ಅನ್ನು ಇಡಿಯಾಗಿ ಬದಲಾಯಿಸುವುದೊಂದೇ ದಾರಿ, ರಿಪೇರಿ ಮಾಡಿದರೆ ಒಂದು ತಿಂಗಳೂ ಬಾಳುವುದಿಲ್ಲ ಎಂದು ನನಗೆ ಹೇಳಿದವರು ಕಡಿಮೆಯೆಂದರೂ ಏಳೆಂಟು ಮಂದಿ. ಅವರಲ್ಲಿ ಮೂವರು ದಿನವೂ ಇದೇ ಗೇರ್‌ಬಾಕ್ಸ್‌ಗಳನ್ನು ಬಿಚ್ಚಿ ಹೊಟ್ಟೆ ಹೊರೆಯುವವರು. ಹಾಗೆ ರಿಪೇರಿ ಮಾಡಿದ ಘಟಕ ಈಗ ನನ್ನ 2014ರ ಪೋಲೊ ಜಿಟಿ ಟಿಎಸ್‌ಐನಲ್ಲಿ ಸುಮಾರು 31,000 ಕಿ.ಮೀ. ಓಡಿದೆ. ಅದರಲ್ಲಿ ಎರಡು ದಿನ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್‌ನಲ್ಲಿ ಕಳೆದವು, ಉಳಿದದ್ದರ ಬಹುಪಾಲು ಸಿಲ್ಕ್ ಬೋರ್ಡ್ ಮತ್ತು ಮಾರತ್ತಹಳ್ಳಿಯ ನಡುವೆ ತೆವಳುವುದರಲ್ಲಿ ಸವೆಯಿತು. ಇವೆರಡರಲ್ಲಿ ಯಾವುದು ಕಠಿಣ ಪರೀಕ್ಷೆ ಎಂಬುದು ಬೆಂಗಳೂರಿನಲ್ಲಿ ಡಬಲ್ ಕ್ಲಚ್ ಕಾರು ಓಡಿಸುವವರಿಗೆ ಗೊತ್ತು.

ಗೇರ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಕಾರಿನ ದೋಷಗಳನ್ನು ಓದುವ ಸ್ಕ್ಯಾನರ್ ಇಟ್ಟುಕೊಂಡಿರುವವರು, ಒಂದೆರಡು ಬಾರಿಯಾದರೂ ಮೆಕಾಟ್ರಾನಿಕ್ ಕೆಳಗಿಳಿಸಿದವರು ಓದುತ್ತಾರೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಕಾರನ್ನು ನಾನು ಕೊಂಡಾಗ 62,000 ಕಿ.ಮೀ. ಆಗಿತ್ತು. ಹಿಂದಿನ ಮಾಲೀಕರು ಅದನ್ನು ಯಾವುದೋ ಗ್ಯಾರೇಜಿನಲ್ಲಿ ಒಮ್ಮೆ ಬಿಚ್ಚಿಸಿದ್ದರು. ಅಲ್ಲಿ ಅಕ್ಯುಮುಲೇಟರ್ ಅನ್ನು ಮಿತಿಮೀರಿ ಬಿಗಿದಿದ್ದರು ಎಂಬುದು ಆಮೇಲೆ ಅದರ ಥ್ರೆಡ್‌ನ, ಅಂದರೆ ತಿರುಪಿನ ಸುತ್ತುಗಳ, ಗಾಯಗಳನ್ನು ನೋಡಿದಾಗ ತಿಳಿಯಿತು. ಅದು ಸಾಲದೆಂಬಂತೆ ನಾನು ಎಂಜಿನ್‌ಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿಗೆ ಬದಲಿ ತಂತ್ರಾಂಶ) ಹಾಕಿಸಿ, ಕಂಪನಿ ಕೊಟ್ಟಿದ್ದ 105 ಪಿಎಸ್ ಶಕ್ತಿ ಮತ್ತು 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಅನ್ನು 130 ಮತ್ತು 225ರ ಆಸುಪಾಸಿಗೆ ಏರಿಸಿದೆ. ಗೇರ್‌ಬಾಕ್ಸ್‌ನ ಮಿತಿ 250 ಎನ್‌ಎಂ ಎನ್ನುವುದು ನಿಜ, ಆದರೆ ಟಾರ್ಕ್ ಏರಿದಷ್ಟೂ ಕ್ಲಚ್ ಅನ್ನು ಹಿಡಿದಿಡಲು ಹೆಚ್ಚು ಒತ್ತಡ ಬೇಕು, ಪಂಪ್ ಹೆಚ್ಚು ಬಾರಿ ಏಳಬೇಕು, ಆ ಬಿಗಿದ ಥ್ರೆಡ್ ಹೆಚ್ಚು ಬಾರಿ ಹಿಗ್ಗಿ ಕುಗ್ಗಬೇಕು. ಆದ್ದರಿಂದ ಈ ಬಿರುಕಿನಲ್ಲಿ ಗೇರ್‌ಬಾಕ್ಸ್ ಮಾಡಿದವರ ಪಾಲಿಗಿಂತ ನನ್ನ ಪಾಲೇ ದೊಡ್ಡದು. ಈ ಗೇರ್‌ಬಾಕ್ಸ್ ಹೆಸರು ಕೇಳಿದೊಡನೆ ಮೂಗು ಮುರಿಯುವವರ ಜೊತೆ ನಾನು ದನಿಗೂಡಿಸುವುದಿಲ್ಲ. ಎರಡನೆಯ ಗೇರ್‌ನಿಂದ ಮೂರಕ್ಕೆ ಅದು ಏರುವ ಪರಿಯನ್ನು ಒಮ್ಮೆ ಅನುಭವಿಸಿದವರು ಅದನ್ನು ಸುಲಭವಾಗಿ ಬಿಟ್ಟುಕೊಡಲಾರರು.

78,000 ಕಿ.ಮೀ. ಸುಮಾರಿಗೆ ನೈಸ್ ರಸ್ತೆಯ ಟೋಲ್ ಬಳಿ ಗೇರ್ ಸೂಚಕ ಮಿನುಗಿ ಕಾರು ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಅರ್ಧ ಕಿಲೋಮೀಟರ್ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಸ್ಕ್ಯಾನರ್‌ನಲ್ಲಿ ಬಂದದ್ದು ಪಿ17ಬಿಎಫ್, ಅದರ ಹಿಂದೆಯೇ ಪಿ189ಸಿ, ಎರಡೂ ಎಣ್ಣೆಯ ಒತ್ತಡಕ್ಕೆ ಸಂಬಂಧಿಸಿದ ದೋಷದ ಕೋಡ್‌ಗಳು. ಕೇಳಿದ ಮೊದಲ ವರ್ಕ್‌ಶಾಪ್‌ನವರು ಹೊಸ ಮೆಕಾಟ್ರಾನಿಕ್‌ಗೆ ಕೂಲಿ ಸೇರಿಸಿ ಎರಡು ಲಕ್ಷ ಹತ್ತು ಸಾವಿರದಷ್ಟು ಹೇಳಿದರು. ಕಾರಿನ ಅಂದಿನ ಬೆಲೆಯೇ ನಾಲ್ಕು ಲಕ್ಷಕ್ಕೆ ತುಸು ಹೆಚ್ಚು ಇದ್ದಿರಬೇಕು.

ಈ ಎರಡು ಕೋಡ್ ಕಂಡೊಡನೆ ಅನೇಕರು ಪಂಪ್ ಮೋಟಾರನ್ನೋ ಅಕ್ಯುಮುಲೇಟರನ್ನೋ ಬದಲಾಯಿಸಿಬಿಡುತ್ತಾರೆ. ನಾನು ಮಾಡಿದ್ದು ಸರಳವಾದ ಕೆಲಸ: ಪಂಪ್ ಮೋಟಾರಿನ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ, ಇನ್ನೊಂದು ಕಡೆ ಸ್ಕ್ಯಾನರ್‌ನಲ್ಲಿ ಒತ್ತಡವನ್ನು ನೋಡುತ್ತಾ ಕೂತೆ. ಪಂಪ್ ಒತ್ತಡವನ್ನು 60 ಬಾರ್ ಹತ್ತಿರಕ್ಕೆ ಏರಿಸಿ ನಿಲ್ಲಬೇಕು, 40ರ ಹತ್ತಿರಕ್ಕೆ ಇಳಿದಾಗ ಮತ್ತೆ ಏಳಬೇಕು. ಅಕ್ಯುಮುಲೇಟರ್‌ನ ಗ್ಯಾಸ್ ಹೋಗಿದ್ದರೆ ಒತ್ತಡ ಬೇಗ ಏರಿ, ಒಂದು ಗೇರ್ ಬದಲಿಸಿದೊಡನೆ ಧೊಪ್ಪೆಂದು ಬೀಳುತ್ತದೆ. ನನ್ನದರಲ್ಲಿ ಹಾಗಾಗಲಿಲ್ಲ, ಒತ್ತಡ 45ರ ಸುತ್ತ ತಿಣುಕುತ್ತಲೇ ಇತ್ತು, ಪಂಪ್ ನಿಲ್ಲುತ್ತಲೇ ಇರಲಿಲ್ಲ. ಅಂದರೆ ಎಣ್ಣೆ ಎಲ್ಲಿಗೋ ಹೋಗುತ್ತಿದೆ. ಕೆಳಗಿಂದ ನೋಡಿದರೆ ಮೆಕಾಟ್ರಾನಿಕ್ ಕವರ್‌ನ ಅಂಚಿನಲ್ಲಿ ಹಸಿರು ಎಣ್ಣೆಯ ಪಸೆ.

ಈ ಪರೀಕ್ಷೆಯನ್ನು ನಾನು ಕಲಿತದ್ದು ಡಬಲ್ ಕ್ಲಚ್ ಕಾರಿನಿಂದಲ್ಲ, ಬಂಧುವೊಬ್ಬರ ಸೆಲೆರಿಯೊ ಎಎಂಟಿಯಿಂದ (ಎಎಂಟಿ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸ್‌ನ ಕ್ಲಚ್, ಗೇರ್‌ಗಳನ್ನು ಯಂತ್ರವೇ ನಡೆಸುವ ವ್ಯವಸ್ಥೆ). 2014ರಲ್ಲಿ ಬಂದ ಆ ಪುಟ್ಟ ಕಾರಿನ ಗೇರ್ ಬದಲಿಸುವ ಹೈಡ್ರಾಲಿಕ್ ಕಿಟ್ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯವರದು. 1997ರಲ್ಲಿ ಫೆರಾರಿ ಎಫ್355ಕ್ಕೆ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ವ್ಯವಸ್ಥೆಯನ್ನು ಮಾಡಿಕೊಟ್ಟವರೂ ಅವರೇ. ಸೆಲೆರಿಯೊದ ಕಿಟ್ಟಿನಲ್ಲೂ ಒಂದು ಪಂಪ್, ಒಂದು ಅಕ್ಯುಮುಲೇಟರ್ ಇವೆ, ಮತ್ತು ಪಂಪ್ ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂಬುದನ್ನು ಕಿವಿಯಿಂದಲೇ ಲೆಕ್ಕ ಹಾಕಬಹುದು. ಆ ಕಾರಿನಲ್ಲಿ ಗೇರ್ ಬದಲಾಗುವ ವಿಳಂಬವನ್ನು ಕಡಿಮೆ ಮಾಡಲು ಕ್ಲಚ್‌ನ ಕಚ್ಚುವ ಬಿಂದುವನ್ನು ಮೂರು ನಾಲ್ಕು ಬಾರಿ ಮರುಕಲಿಸಿ ನೋಡಿದೆ. ಮೊದಲ ಗೇರ್‌ನಲ್ಲಿ ಹೊರಡುವುದು ನಯವಾಯಿತು, ಆದರೆ ಎರಡರಿಂದ ಮೂರಕ್ಕೆ ಹೋಗುವಾಗಿನ ತಲೆದೂಗಾಟ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಒಂದೇ ಕ್ಲಚ್ ಇರುವಲ್ಲಿ ಟಾರ್ಕ್ ಕಡಿದೇ ಗೇರ್ ಬದಲಿಸಬೇಕು, ಅದಕ್ಕೆ ಮದ್ದಿಲ್ಲ.

ಮೆಕಾಟ್ರಾನಿಕ್ ಬಿಚ್ಚಿ ಮೇಜಿನ ಮೇಲಿಟ್ಟಾಗ ಬಿರುಕು ಬರಿಗಣ್ಣಿಗೇ ಕಂಡಿತು. ಅಕ್ಯುಮುಲೇಟರ್ ತಿರುಗಿ ಕೂರುವ ಬಟ್ಟಲಿನ ಮೊದಲ ಥ್ರೆಡ್‌ನ ಬುಡದಿಂದ ಹೊರಟು ಗೋಡೆಯ ಉದ್ದಕ್ಕೂ ಒಂದು ಗೆರೆ. 40 ಮಿ.ಮೀ. ವ್ಯಾಸದ ಮುಖವೊಂದರ ಮೇಲೆ 60 ಬಾರ್ ಒತ್ತಡ ಎಂದರೆ ಮುಕ್ಕಾಲು ಟನ್‌ಗೂ ತುಸು ಹೆಚ್ಚು ತಳ್ಳಾಟ, ಅದೂ ನಿಮಿಷಕ್ಕೆ ಕೆಲವು ಬಾರಿ ಏರಿ ಇಳಿಯುವಂಥದ್ದು. ಎರಕದ ಅಲ್ಯೂಮಿನಿಯಂಗೆ ಗಾಯವಾಗಿದ್ದರೆ ಅದು ಎಷ್ಟು ದಿನ ತಡೆದೀತು?

ಮೊದಲ ಪ್ರಯತ್ನ ಟಿಗ್ ವೆಲ್ಡಿಂಗ್. ವೆಲ್ಡರ್ ಒಳ್ಳೆಯ ಕೈಯವರು, ಆದರೆ ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದಿಂದ ಗುಳ್ಳೆ ಬರುವುದು ನಿಲ್ಲಲಿಲ್ಲ. ನಾಲ್ಕು ಸಾವಿರ ಕೊಟ್ಟು, ಸೀಲ್‌ಗಳಿಗೂ ಎಣ್ಣೆಗೂ ಮತ್ತೊಂದು ಐದಾರು ಸಾವಿರ ಹಾಕಿ ಕೂರಿಸಿದ್ದು ಸರಿಯಾಗಿ 400 ಕಿ.ಮೀ. ಬಂತು. ಎರಡನೆಯ ಪ್ರಯತ್ನ, ಆನ್‌ಲೈನ್‌ನಲ್ಲಿ ಸಿಗುವ ಸಿದ್ಧ ಕಿಟ್. ಹದಿನಾಲ್ಕು ಸಾವಿರ ಮತ್ತು ಕಸ್ಟಮ್ಸ್. ನೋಡಲು ಬಹಳ ಚೆಂದ. ಸರ್ಫೇಸ್ ಪ್ಲೇಟ್ ಮೇಲಿಟ್ಟು ಡಯಲ್ ಹಿಡಿದು ಮುಖದ ಸಮತಟ್ಟನ್ನು ಅಳೆದಿದ್ದರೆ ಅಂದೇ ವಾಪಸು ಕಳಿಸುತ್ತಿದ್ದೆ, ನಾನು ಅಳೆಯಲಿಲ್ಲ. ಮುಖ ಒಂದು ಮೂಲೆಯಲ್ಲಿ ಹದಿನೈದು ನೂರರಷ್ಟು ತಗ್ಗಿತ್ತು, ಅಂದರೆ 0.15 ಮಿ.ಮೀ., ಮತ್ತು ಎಣ್ಣೆ ತಡೆಯುವ ರಬ್ಬರ್ ಉಂಗುರ, ಒ-ರಿಂಗ್, ಆ ಸಂದಿನೊಳಕ್ಕೆ ಹಿಂಡಿಕೊಂಡು ಹೋಗಿ 2,300 ಕಿ.ಮೀ.ಗೆ ಹರಿಯಿತು. ಮಳೆಯಲ್ಲಿ, ಹೊಸೂರು ರಸ್ತೆಯಲ್ಲಿ, ಟೋ ಟ್ರಕ್‌ಗೆ ಮತ್ತೆ ಮೂರು ಸಾವಿರ. ಆ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತನಾಡಲಿಲ್ಲ.

ಮೂರನೆಯ ಬಾರಿ ನಿರ್ಧಾರ ಬದಲಿಸಿದೆ. ಬಿರುಕನ್ನು ಮುಚ್ಚುವ ಬದಲು ಬಿರುಕು ಬಿಟ್ಟ ಬಟ್ಟಲನ್ನೇ ಮಿಲ್ಲಿಂಗ್ ಯಂತ್ರದಲ್ಲಿ ಕೆತ್ತಿ ತೆಗೆದುಹಾಕಿ, ಉಳಿದ ಸಮತಟ್ಟು ಮುಖದ ಮೇಲೆ ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಗಲ ಅಂಚು) ಇರುವ ಹೊಸ ಬಟ್ಟಲನ್ನು ಬೋಲ್ಟ್ ಮಾಡುವುದು. 7075-ಟಿ6 ಎಂಬ ಗಟ್ಟಿ ಅಲ್ಯೂಮಿನಿಯಂನ ಬಾರ್ ತುಂಡೊಂದನ್ನು ತಂದು ಪೀಣ್ಯದ ಒಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಅಂಗಡಿಯಲ್ಲಿ ಮಾಡಿಸಿದೆ. ಗೋಡೆ ಮೂಲಕ್ಕಿಂತ 3 ಮಿ.ಮೀ. ದಪ್ಪ, ಇನ್ನೂ ದಪ್ಪ ಮಾಡೋಣವೆಂದರೆ ಕವರ್‌ಗೆ ತಾಗುತ್ತದೆ, ಅಳತೆಗೆಂದು ಜೇಡಿಮಣ್ಣು ಇಟ್ಟು ಒತ್ತಿ ನೋಡಿಯೇ ಆ ಸಂಖ್ಯೆಗೆ ಬಂದದ್ದು. ಮುಖದ ಸಮತಟ್ಟು ಎರಡು ನೂರರ ಒಳಗೆ, ಅಂದರೆ 0.02 ಮಿ.ಮೀ. ಒಳಗೆ ಇರಲೇಬೇಕೆಂದು ಹಟ ಹಿಡಿದೆ. ಅಂಗಡಿಯ ಯಜಮಾನರು, ‘ಕಾರಿನ ಸಾಮಾನಿಗೆ ಇಷ್ಟೆಲ್ಲ ಯಾಕೆ ಸಾರ್, ಇದೇನು ರಾಕೆಟ್ಟಾ’ ಎಂದರು. ಎರಡು ತುಂಡು ಮಾಡಿಸಿದ್ದಕ್ಕೆ ಒಂಬತ್ತು ಸಾವಿರ ಆಯಿತೆಂದು ನೆನಪು.

ಇಲ್ಲೂ ಎಡವಿದೆ. ಬಟ್ಟಲು ಗಟ್ಟಿಯಾಗಿರಲಿ ಎಂದು ಅಲ್ಯೂಮಿನಿಯಂ ಮೇಲೆ ಗಡುಸು ಪದರ ಬರಿಸುವ ಹಾರ್ಡ್ ಆನೊಡೈಸ್‌ಗೆ ಕೊಟ್ಟೆ, ಥ್ರೆಡ್ ಮುಚ್ಚಿ ಎಂದು ಹೇಳಲು ಮರೆತೆ. ಲೇಪನದಿಂದ ಥ್ರೆಡ್ ದಪ್ಪವಾಗಿ ಅಕ್ಯುಮುಲೇಟರ್ ಮೂರು ಸುತ್ತು ತಿರುಗುವಷ್ಟರಲ್ಲಿ ಜಾಮ್ ಆಯಿತು, ಒಂದು ಬಟ್ಟಲು ಅಲ್ಲಿಗೇ ಕಸ. ಎರಡನೆಯದನ್ನು ಲೇಪನವಿಲ್ಲದೆಯೇ ಹಾಕಿದೆ, ಈಗ ಕಾರಿನಲ್ಲಿರುವುದು ಅದೇ. ಒ-ರಿಂಗ್ ಕೂರುವ ತೋಡಿನ ಆಳ ಎಷ್ಟು, ಬೋಲ್ಟ್‌ಗಳನ್ನು ಯಾವ ಕ್ರಮದಲ್ಲಿ ಎಷ್ಟು ಹಂತಗಳಲ್ಲಿ ಬಿಗಿಯುತ್ತೇನೆ ಎಂಬ ಎರಡು ವಿಷಯಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಿಗಾಗಿ ನಾನು ತೆತ್ತ ಹಣ ಇನ್ನೂ ಪೂರ್ತಿ ವಾಪಸು ಬಂದಿಲ್ಲ. ಮಿಲ್ಲಿಂಗ್ ಆದ ಮೇಲೆ ಎಣ್ಣೆ ದಾರಿಗಳನ್ನು ತೊಳೆಯುವ ಬಗ್ಗೆ ಮಾತ್ರ ಹೇಳಲೇಬೇಕು: ನಾನು ಐದು ಬಾರಿ ತೊಳೆದೆ, ನಾಲ್ಕನೆಯ ಬಾರಿಯೂ ಬಿಳಿ ಬಟ್ಟೆಯ ಮೇಲೆ ಹೊಳೆಯುವ ಒಂದು ಚೂರು ಸಿಕ್ಕಿತು. ಅಂಥದ್ದೊಂದು ಸೊಲೆನಾಯ್ಡ್ ವಾಲ್ವ್‌ಗೆ ಹೋದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಕೂರಿಸುವಾಗ ಗೇರ್ ಪಿಸ್ಟನ್‌ಗಳೆಲ್ಲ 25 ಮಿ.ಮೀ.ಗೆ ನಿಂತಿವೆಯೇ ಎಂದು ನೋಡಿಕೊಂಡೆ, ಒಂದು ಲೀಟರ್ ಹೈಡ್ರಾಲಿಕ್ ಎಣ್ಣೆ ಹಾಕಿದೆ. ಗೇರ್ ಆಯಿಲ್ ಬೇರೆಯೇ ಕೋಣೆ. ಅಲ್ಲಿ ಏನಿದೆಯೋ ಎಂಬ ಅನುಮಾನದಿಂದ ಅದನ್ನೂ ಬಸಿದು 1.7 ಲೀಟರ್ ಮಿನರಲ್ ಎಣ್ಣೆಯನ್ನೇ ತುಂಬಿದೆ. 2013ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಈ ಗೇರ್‌ಬಾಕ್ಸ್‌ನಲ್ಲಿ ಸಿಂಥೆಟಿಕ್ ತೆಗೆದು ಮಿನರಲ್ ಹಾಕಿತ್ತು. ಬಿಸಿ ಮತ್ತು ತೇವದ ಊರುಗಳಲ್ಲಿ ವಿದ್ಯುತ್ ದೋಷ ಬರುತ್ತಿದ್ದುದೇ ಅದಕ್ಕೆ ಕಾರಣ. ದುಬಾರಿ ಸಿಂಥೆಟಿಕ್ ಹಾಕಿಸಿ ಉಪಕಾರ ಮಾಡಿದೆವು ಎಂದುಕೊಳ್ಳುವವರು ಇಂದಿಗೂ ಇದ್ದಾರೆ.

ಬಿಚ್ಚಿ ಕೂರಿಸಿದ ಮೇಲೆ ಕ್ಲಚ್, ಗೇರ್‌ಗಳ ಸ್ಥಾನವನ್ನು ಸ್ಕ್ಯಾನರ್ ಮೂಲಕ ಮರುಕಲಿಸುವ ಬೇಸಿಕ್ ಸೆಟ್ಟಿಂಗ್ ಮೂರು ಬಾರಿ ಅರ್ಧಕ್ಕೆ ನಿಂತಿತು. ಮೊದಲ ಎರಡು ಬಾರಿಗೆ ಕಾರಣ ಬ್ಯಾಟರಿ. ಪಂಪ್ ಎಳೆಯುವ ಹೊತ್ತಿಗೆ ವೋಲ್ಟೇಜ್ 11.6ಕ್ಕೆ ಬೀಳುತ್ತಿತ್ತು. ಗ್ಯಾರೇಜಿನ ದೊಡ್ಡ ಚಾರ್ಜರ್ ಕಟ್ಟಿದ ಮೇಲೆ ಅದು ಸರಿಯಾಯಿತು. ಮೂರನೆಯ ಬಾರಿ ನಿಂತದ್ದು ಕೆ2 ಕ್ಲಚ್‌ನಿಂದ: ಸಮಗೇರ್‌ಗಳ ಆ ಕ್ಲಚ್ ಪೂರ್ತಿ ಸವೆದಿತ್ತು, ಚಲನೆಯ ಮಿತಿಯನ್ನು ಮುಟ್ಟಿಬಿಟ್ಟಿತ್ತು. ಹಾಗಾಗಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಯಾಕ್ ಹಾಕಬೇಕಾಯಿತು, ಸುಮಾರು 48,000. ಕ್ಲಚ್ ಎಳೆದು ಕಳಚಲು ಎಸ್‌ಜೆಪಿ ರಸ್ತೆಯಲ್ಲಿ ಕೊಂಡ ಪುಲ್ಲರ್ ಸೆಟ್ಟಿಗೆ ಒಂಬತ್ತು ಸಾವಿರ, ಅದರ ಒಂದು ಕಾಲು ಮೊದಲ ದಿನವೇ ಬಾಗಿತು. ಕ್ಲಚ್‌ನ ಅಂತರ ಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್‌ಗಳನ್ನು ಬದಲಿಸದೆ ಹಳೆಯವನ್ನೇ ಹಾಕಿದರೆ ನಡೆಯುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ನಾನು ಅಳೆದಾಗ ಕೆ2ಗೆ ಬೇಕಾದದ್ದು ಹಳೆಯದಕ್ಕಿಂತ ನಾಲ್ಕು ಹತ್ತರಷ್ಟು, ಅಂದರೆ 0.4 ಮಿ.ಮೀ., ಬೇರೆಯಾಗಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಎರಡನೆಯ ಗೇರ್‌ನಲ್ಲಿ ಈಗಲೂ ನಡುಗುತ್ತಿತ್ತು.

ಒಟ್ಟು ಲೆಕ್ಕ ಹೀಗೆ: ಸೋತ ಎರಡು ಪ್ರಯತ್ನಗಳಿಗೆ ಮೂವತ್ತು ಸಾವಿರದ ಆಸುಪಾಸು, ಗೆದ್ದದ್ದಕ್ಕೆ ಹೊಸ ಅಕ್ಯುಮುಲೇಟರ್, ಸೀಲ್, ಎಣ್ಣೆ, ಮಿಲ್ಲಿಂಗ್ ಎಲ್ಲ ಸೇರಿ ಇಪ್ಪತ್ತನಾಲ್ಕು, ಕ್ಲಚ್ ಮತ್ತು ಪುಲ್ಲರ್‌ಗೆ ಐವತ್ತೇಳು. ಕ್ಲಚ್ ಹೇಗಿದ್ದರೂ ಬೇಕಾಗಿತ್ತು, ಹೊಸ ಮೆಕಾಟ್ರಾನಿಕ್ ಹಾಕಿಸಿದ್ದರೂ ಆ ಹಣ ಉಳಿಯುತ್ತಿರಲಿಲ್ಲ. ನನ್ನ ಕೂಲಿಯನ್ನು ಹಿಡಿದಿಲ್ಲ, ಹಿಡಿದರೆ ಬೇಸರವಾಗುತ್ತದೆ.

ಹೊಸ ಕ್ಲಚ್ ಕೂತ ಮೇಲೆ ಅದನ್ನು ಕಾಪಾಡುವ ಹಂಬಲದಿಂದ ಕೆಲವು ವಾರ ಕ್ಲಚ್‌ನ ತಾಪಮಾನವನ್ನು ದಾಖಲಿಸಿದೆ. ಸಂಜೆಯ ಔಟರ್ ರಿಂಗ್ ರೋಡ್‌ನಲ್ಲಿ ‘ಡಿ’ ಮೋಡ್‌ನಲ್ಲೇ ಬಿಟ್ಟು, ಬ್ರೇಕ್ ಮೇಲೆ ಕಾಲನ್ನು ಅರ್ಧ ಒತ್ತಿ ತೆವಳಿದಾಗ ಬೆಸಗೇರ್‌ಗಳ ಕ್ಲಚ್ ಕೆ1 ಇನ್ನೂರು ಡಿಗ್ರಿಯ ಮೇಲೆ ಹೋಗುತ್ತಿತ್ತು. ಮ್ಯಾನುಯಲ್ ಮೋಡ್‌ನಲ್ಲಿ ಒಂದನೆಯ ಗೇರ್‌ಗೇ ಕಟ್ಟಿಹಾಕಿ, ಮುಂದಿನ ಕಾರು ಹತ್ತು ಹೆಜ್ಜೆ ಹೋಗುವವರೆಗೆ ಕಾದು ಒಮ್ಮೆಗೇ ಹೊರಟರೆ ಅದೇ ದಾರಿಯಲ್ಲಿ ನೂರ ನಲವತ್ತು ದಾಟುತ್ತಿರಲಿಲ್ಲ. ಹಿಂದಿನವರ ಹಾರ್ನ್ ಕೇಳುವ ಸಹನೆ ಬೇಕು, ಅಷ್ಟೆ. ಕ್ಲಚ್‌ನ ಹೊರಕವಚವಾದ ಬೆಲ್ ಹೌಸಿಂಗ್‌ಗೆ ಸಣ್ಣ ಫ್ಯಾನ್ ಇಟ್ಟು ಗಾಳಿ ಹೊಡೆಸಿಯೂ ನೋಡಿದೆ. ತಾಪಮಾನ ಹತ್ತು ಡಿಗ್ರಿ ಇಳಿಯಿತು, ಮಳೆಗಾಲದ ಕೆಸರು ಒಳಗೆ ಹೋಯಿತು, ಫ್ಯಾನ್ ತೆಗೆದೆ.

ಕೊಯಮತ್ತೂರಿಗೆ ಮೊದಲ ಬಾರಿ ಹೊರಟಾಗ ಮೈಸೂರು, ಚಾಮರಾಜನಗರದ ಮೇಲೆ ಹೋಗಿ ದಿಂಬಂ ಘಾಟಿಯ 27 ತಿರುವುಗಳನ್ನು ಬೇಕೆಂದೇ ಪ್ಯಾಡಲ್‌ನಲ್ಲಿ ಇಳಿದೆ, ಒಡೆಯುವುದಿದ್ದರೆ ಟ್ರ್ಯಾಕ್‌ಗೆ ಮುಂಚೆಯೇ ಒಡೆಯಲಿ ಎಂದು. ಒಡೆಯಲಿಲ್ಲ. ಕರಿ ಸ್ಪೀಡ್‌ವೇಯ ಎರಡು ಕಿಲೋಮೀಟರ್ ಚಿಲ್ಲರೆಯ ಸುತ್ತಿನಲ್ಲಿ ಏಳೆಂಟು ಸುತ್ತಿನ ಕಂತುಗಳಾಗಿ ದಿನಕ್ಕೆ ನಲವತ್ತು ಸುತ್ತಿನಷ್ಟು ಓಡಿಸಿದೆ. ಕೊನೆಯ ಕಂತಿನ ನಂತರ ಪಿಟ್‌ನಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಪಂಪ್ ನಾಲ್ಕೈದು ಸೆಕೆಂಡ್ ಓಡಿ ಅರ್ಧ ನಿಮಿಷದಷ್ಟು ಸುಮ್ಮನಿರುತ್ತಿತ್ತು, ಬಟ್ಟಲು ಹಾಕಿದ ದಿನ ಇದ್ದಂತೆಯೇ. ತಿಂಗಳೂ ಬಾಳದು ಎಂದಿದ್ದ ಮೂವರಲ್ಲಿ ಒಬ್ಬರು ಅಂದು ಪಕ್ಕದಲ್ಲೇ ಇದ್ದರು. ಪರದೆಯನ್ನು ನೋಡಿದರು, ಏನೂ ಹೇಳಲಿಲ್ಲ, ಎರಡು ವಾರದ ಮೇಲೆ ಗಿರಾಕಿಯೊಬ್ಬರ ಮೆಕಾಟ್ರಾನಿಕ್ ಅನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರು.

ಅದರ ಬಿರುಕು ನನ್ನದಕ್ಕಿಂತ ಕೆಳಗೆ, ಎಣ್ಣೆ ದಾರಿಯ ಬಾಯಿಯವರೆಗೆ ಇಳಿದಿದೆ. ಅಷ್ಟು ಆಳ ಮಿಲ್ಲಿಂಗ್ ಮಾಡಿದರೆ ಉಳಿಯುವ ಗೋಡೆ ಸಾಕಾಗುತ್ತದೆಯೇ ಎಂದು ಅಳೆಯುತ್ತಿದ್ದೇನೆ. ಬಟ್ಟಲಿನ ಬಾರ್ ತುಂಡು ಆಗಲೇ ಪೀಣ್ಯ ಸೇರಿದೆ. ಈ ಸಲ ಆನೊಡೈಸ್‌ಗೆ ಕೊಡುವ ಮುಂಚೆ ಥ್ರೆಡ್‌ಗೆ ರಬ್ಬರ್ ಬಿರಡೆಯನ್ನು ನಾನೇ ಹಾಕಿ ಕೊಡುತ್ತೇನೆ.